ನಮ್ಮ ಡಾಕ್ಟರು ಪುರಸಭೆ ಅಧ್ಯಕ್ಷರಾಗಿದ್ದಾಗ

ನಮ್ಮ ಶಾಲೆಯಲ್ಲೇ ಕಲಿತು, ಬಳ್ಳಾರಿಯ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ, ಊರಿಗೇ ಮರಳಿ ದವಾಖಾನೆ ತೆರೆದವರು ನಮ್ಮ ಡಾಕ್ಟರು. ಎಷ್ಟೋ ವರ್ಷಗಳ ನಂತರ ಪುರಸಭೆ ಅಧ್ಯಕ್ಷರಾದರು. ಅಲ್ಲಿ ಕೂತೂ ಅವರು ನೋಡಿದ್ದು ರೋಗಿಯನ್ನೇ.

ವಾಂತಿಭೇದಿ ಅಂತ ಬಂದವರಿಗೆ ಅವರ ಮೊದಲ ಪ್ರಶ್ನೆ: “ಯಾವ ಓಣಿಯವ್ವ? ನಳಕ್ಕ ನೀರು ಯಾವಾಗ ಬಂದಿತ್ತು?” ರಿಜಿಸ್ಟರಿನಲ್ಲಿ ಹೆಸರಿನ ಪಕ್ಕ, ಆ ಓಣಿಗೆ ನೀರು ಬಿಡುವ ವಾಲಿನ ನಂಬರು ಬರೆಯುತ್ತಿದ್ದರು. ಒಂದೇ ವಾಲಿನ ಕೆಳಗಿನ ಮೂರು ಮನೆಗಳಿಂದ ಜನ ಬಂದರೆ, ಸಲೈನ್ ಹಚ್ಚಿದ ಮೇಲೆ ಪೈಪನ್ನೂ ನೋಡಲೇಬೇಕು.

ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಬಿಡುವುದು ನಿಂತಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಎಲ್ಲಾದರೂ ಬಿರುಕಿದ್ದು, ಪಕ್ಕದಲ್ಲೇ ಗಟಾರವಿದ್ದರೆ ಹೊಲಸು ಒಳಸೇರುತ್ತದೆ. ನಳಕ್ಕೆ ನೇರ ಮೋಟಾರು ಹಚ್ಚಿ ಎಳೆದರಂತೂ ಇನ್ನೂ ಕೆಟ್ಟದ್ದು. ಅದಕ್ಕೇ ಅಧ್ಯಕ್ಷರಾದ ಕೂಡಲೇ ಅವರು ಕೈಹಾಕಿದ್ದು ಗಟಾರದೊಳಗೆ ಹಾದುಹೋದ ಮನೆ ಕನೆಕ್ಷನ್‌ಗಳಿಗೆ. ಪೈಪನ್ನು ಗಟಾರದ ಮೇಲೆ ಎತ್ತಿ ಹಾಯಿಸಬೇಕು; ಆಗದಿದ್ದಲ್ಲಿ ಕಬ್ಬಿಣದ ಕೊಳವೆಯೊಳಗೆ ತೂರಿಸಬೇಕು. ಮೋಟಾರು ಬಿಚ್ಚಿಸಿದ್ದಕ್ಕೆ ಬೈಸಿಕೊಂಡರು. ಆದರೂ ಬಿಡಲಿಲ್ಲ, ಅದು ನನಗೆ ಬಹಳ ದೊಡ್ಡದು.

ಬ್ಲೀಚಿಂಗ್ ಪೌಡರನ್ನು ಹಾಗೇ ಟ್ಯಾಂಕಿಗೆ ಸುರಿಯುವುದನ್ನು ಅವರು ನಿಲ್ಲಿಸಿದರು. 33 ಪರ್ಸೆಂಟ್ ಕ್ಲೋರಿನ್ ಇರುವ ಒಳ್ಳೆ ಪೌಡರಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ, 5 ಲಕ್ಷ ಲೀಟರಿನ ಟ್ಯಾಂಕಿಗೆ ಒಂದೂಕಾಲು ಕಿಲೋ. ಮೊದಲು ಸ್ವಲ್ಪ ನೀರಲ್ಲಿ ಹಿಟ್ಟಿನಂತೆ ಕಲಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ಬೆರೆಸಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಬೇಕು, ಸುಣ್ಣ ಹೋದರೆ ನೀರು ಗಡುಸಾಗುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು ವಾಲ್ ತಿರುವಬೇಕು. ನಮ್ಮ ಬಿಸಿಲಿಗೆ ಚೀಲದ ಬಾಯಿ ತೆರೆದಿಟ್ಟರೆ ಪೌಡರಿನ ಕಸುವು ಹಾರಿಹೋಗುತ್ತದೆ. ಆಗ ತೂಕ ಸರಿಯಿದ್ದರೂ ನೀರಲ್ಲಿ ಕ್ಲೋರಿನ್ ಇರದು. ಹಾಗಾಗಿ ಪರೀಕ್ಷೆ ಲೈನಿನ ಕೊನೆಯ ನಳದಲ್ಲೇ ಆಗಬೇಕು ಅಂದರು.

ಆ ಕೊನೆಯ ನಳ ನಮ್ಮ ಶಾಲೆಯದು. ಗಾಜಿನ ಕೊಳವೆಯಲ್ಲಿ ನೀರು, ಅದಕ್ಕೆ ಕ್ಲೋರಿನ್ ಪತ್ತೆಹಚ್ಚುವ ಆರ್ಥೊಟಾಲಿಡಿನ್ ದ್ರಾವಣದ ಹನಿ. ಹತ್ತು ಸೆಕೆಂಡಿನೊಳಗೆ ತೆಳು ಹಳದಿ ಮೂಡಿದರೆ ಕ್ಲೋರಿನ್ ಇಲ್ಲಿಯವರೆಗೂ ಬಂದಿದೆ. ಬಣ್ಣದ ಪಟ್ಟಿಗೆ ಹಿಡಿದಾಗ ಲೀಟರಿಗೆ 0.2 ಮಿಲಿಗ್ರಾಂಗಿಂತ ಕೆಳಗಿರಬಾರದು. ತಡವಾಗಿ ಮೂಡುವ ಹಳದಿಯನ್ನು ಲೆಕ್ಕಕ್ಕೆ ಹಿಡಿಯಕೂಡದು.

ಬೇಸಿಗೆ ಬೇರೆಯೇ ಚಿಂತೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ್ ಆಗುವ ಮುಂಚೆ ಕೆರೆ ತುಂಬಿಸಿಕೊಳ್ಳಬೇಕು. 40,000 ಜನರ ಊರಿಗೆ ತಲೆಗೆ 135 ಲೀಟರಿನಂತೆ ದಿನಕ್ಕೆ 54 ಲಕ್ಷ ಲೀಟರ್. ನೂರು ದಿನಕ್ಕೆ 54 ಕೋಟಿ, ಬಿಸಿಲಿಗೆ ಆರುವುದು ಬೇರೆ. ಕೆರೆ ಸಾಲದೆ ಬೋರಿಗೆ ಹೋದರೆ ರಾಯಚೂರು ಸೀಮೆಯಲ್ಲಿ ಫ್ಲೋರೈಡಿನ ಕಾಟ. ಅದು ಬ್ಲೀಚಿಂಗಿಗೆ ಬಗ್ಗದು, ಕುದಿಸಿದರೂ ಹೋಗದು. ಮಕ್ಕಳ ಹಲ್ಲಿನ ಕಂದು ಗೆರೆ ನೋಡಿ ನೋಡಿ ಡಾಕ್ಟರಿಗೆ ಅದು ಗೊತ್ತಿತ್ತು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಬೋರುಗಳಿಗೆ ಕೆಂಪು ಬಣ್ಣ ಬಳಿಸಿ, ಅವನ್ನು ಕುಡಿಯಲು ಬಿಡದೆ ಬೇರೆ ಬಳಕೆಗೆ ಮಾತ್ರ ಬಿಟ್ಟರು.

ಅಧ್ಯಕ್ಷರ ಅವಧಿ 30 ತಿಂಗಳು. ಕಡತ ನಡೆಸುವವರು ಮುಖ್ಯಾಧಿಕಾರಿ. ಡಾಕ್ಟರು ಸಭೆಗೆ ಹೋಗುವಾಗ ದವಾಖಾನೆಯ ರಿಜಿಸ್ಟರನ್ನೇ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ವಾಲ್ ನಂಬರು, ರೋಗಿಗಳ ಸಂಖ್ಯೆ ಓದುತ್ತಿದ್ದರು. ಆ ಓಣಿಯ ಸದಸ್ಯರು ಪೈಪಿನ ಖರ್ಚಿಗೆ ಒಪ್ಪಿ ಕೈ ಎತ್ತುತ್ತಿದ್ದರು.