ಅಜ್ಜ ಕೀಳುತ್ತಿದ್ದ ಗಿಡ

ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹೊಲದ ಬದುವಿನಲ್ಲಿ ಒಂದು ಗಂಧದ ಮರ ಇದೆ. ಯಾರೂ ನೆಟ್ಟಿದ್ದಲ್ಲ. ಯಾವುದೋ ಹಕ್ಕಿ ಹಣ್ಣು ತಿಂದು ಬೇವಿನ ಮೇಲೆ ಕೂತು ಉದುರಿಸಿದ್ದು. ಬೇವಿನ ಬುಡದಲ್ಲಿ ಹುಟ್ಟಿದ್ದು ಒಳ್ಳೇದೇ ಆಯ್ತು. ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವ ಜಾತಿ ಅದು.

ನಮ್ಮಜ್ಜ ಇದ್ದಿದ್ದರೆ ಇದು ಮೊಣಕಾಲೆತ್ತರಕ್ಕೂ ಬರುತ್ತಿರಲಿಲ್ಲ. ಕಳೆ ತೆಗೆಯುವಾಗ ಗಂಧದ ಸಸಿ ಕಂಡರೆ ಅಜ್ಜ ಕುಡುಗೋಲು ಪಕ್ಕಕ್ಕಿಟ್ಟು ಕೂರುತ್ತಿದ್ದರು. ಬುಡಕ್ಕೆ ಬೆರಳು ಹಾಕಿ ಬೇರು ಸಮೇತ ಎಳೆದು, ಆ ತೂತಿನ ಮೇಲೆ ಮಣ್ಣು ಎಳೆದು, ಹೆಬ್ಬೆರಳಿನಲ್ಲಿ ಒತ್ತುತ್ತಿದ್ದರು. ಪಾರ್ಥೇನಿಯಂ ಕೀಳುವಾಗ ಇಷ್ಟೊಂದು ಜಾಗ್ರತೆ ಇರುತ್ತಿರಲಿಲ್ಲ. "ಹೊಲ ನಮ್ದು, ಮರ ಸರ್ಕಾರದ್ದು. ಕಳ್ಳ ಕಡ್ಕಂಡು ಹೋದ್ರೂ ಕೇಳೋದು ನಮ್ಮನ್ನೇ" ಅನ್ನೋರು.

ಅಜ್ಜ ಹೇಳಿದ್ದು ಸುಳ್ಳಲ್ಲ. ಟಿಪ್ಪು ಕಾಲದಿಂದಲೂ ಗಂಧ ರಾಜಮರ. ಆಮೇಲೆ ಬಂದ ಕಾನೂನೂ ಅದನ್ನೇ ಮುಂದುವರಿಸಿತು. ನಮ್ಮ ಪಟ್ಟಾ ಜಮೀನಿನಲ್ಲೇ ಹುಟ್ಟಿದರೂ ಮರ ಸರ್ಕಾರಕ್ಕೆ, ಕಾಯುವ ಕೆಲಸ ಮಾತ್ರ ನಮಗೆ. ಅಂಥ ಮರವನ್ನು ಯಾವ ರೈತ ಬೆಳೆಸ್ತಾನೆ? ಉಳಿಸಲಿಕ್ಕೆ ಮಾಡಿದ ಕಾನೂನೇ ಸಸಿ ಕೀಳಿಸಿತು ಅನ್ನೋದು ನನ್ನ ಲೆಕ್ಕ.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನು ಯಾರದೋ ಗಂಧವೂ ಅವರದೇ ಅಂತಾಯ್ತು. ಅಜ್ಜನಿಗೆ ಹೇಳಿದಾಗ ಅವರು ನಂಬಲಿಲ್ಲ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾದರು. ಈಗಲೂ ಕಡಿಯೋಕೆ, ಸಾಗಿಸೋಕೆ ಅರಣ್ಯ ಇಲಾಖೆ ಅನುಮತಿ ಬೇಕೇ ಬೇಕು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ತೆಂಗು, ನೀಲಗಿರಿ, ಸರ್ವೆಗೆಲ್ಲ ವಿನಾಯಿತಿ ಇದೆ, ಗಂಧಕ್ಕಿಲ್ಲ. ನಾವು ಪಹಣಿಯಲ್ಲಿ ಮರ ಬರೆಸಿಕೊಂಡಿದ್ದೇವೆ. ಅದಕ್ಕೆ ಎಷ್ಟು ಸಲ ಓಡಾಡಿದೆ ಅನ್ನೋದನ್ನು ಬರೆಯಲು ಕೂತರೆ ಬೇರೆಯದೇ ಕಥೆ ಆಗುತ್ತೆ, ಬಿಡಿ.

ಈಗಿನ ಭಯವೇ ಬೇರೆ. ಹೋದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೋಟರ್ ಹಾಕಲು ಹೋದವನು ಮರದ ಹತ್ತಿರ ನಿಂತೆ. ಬುಡದಿಂದ ಗೇಣು ಮೇಲೆ ಹಸಿ ಮಣ್ಣು ಮೆತ್ತಿತ್ತು. ಉಗುರಲ್ಲಿ ಕೆರೆದೆ. ಒಳಗೆ ಕಿರುಬೆರಳು ಹೋಗುವಷ್ಟು ತೂತು! ಯಾರೋ ಬೈರಿಗೆ ಹಾಕಿ ಚೇಗು, ಅಂದ್ರೆ ಒಳಗಿನ ಗಟ್ಟಿ ತಿರುಳು, ಬಲಿತಿದೆಯಾ ಅಂತ ನೋಡಿದ್ದಾರೆ. ನೆಲದಲ್ಲಿ ಬಿದ್ದಿದ್ದ ಹೊಟ್ಟು ಎತ್ತಿ ಮೂಸಿದೆ. ಬೆಳ್ಳನೆ ಹೊಟ್ಟು, ವಾಸನೆಯೇ ಇಲ್ಲ. ಗಂಧದ ವಾಸನೆ ಇರೋದು ಚೇಗಿನಲ್ಲಿ, ಅದು ಕೂರಲು ವರ್ಷಗಳೇ ಬೇಕು. ಎಳೆಯ ಮರ ಅಂತ ಬಿಟ್ಟು ಹೋಗಿದ್ದಾರೆ. ನಮ್ಮ ಮರ ಇನ್ನೂ ದಂಡಕ್ಕಿದೆ ಅಂತ ನನಗೆ ಅಷ್ಟು ಖುಷಿಯಾಗಿದ್ದು ಅವತ್ತೇ.

ತೂತಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ತೊಗಟೆ ಅಂಚಿನಿಂದ ಒಳಕ್ಕೆ ಮಡಚಿಕೊಂಡು ಬಂತು. ನಾಯಿಯನ್ನು ರಾತ್ರಿ ಅಲ್ಲೇ ಕಟ್ತೀವಿ. ಅದು ಬೊಗಳುವುದಕ್ಕಿಂತ ಮಲಗುವುದೇ ಜಾಸ್ತಿ.

ಮೊನ್ನೆ ಅವ್ವ ಮೆಕ್ಕೆಜೋಳದಲ್ಲಿ ಕಳೆ ತೆಗೆಯುತ್ತಾ ಕೂಗಿದಳು. ಬದುವಿನಲ್ಲಿ ಇನ್ನೆರಡು ಗಂಧದ ಸಸಿ ಎದ್ದಿದ್ದವು. ಅವಳ ಕೈ ಆಗಲೇ ಒಂದರ ಬುಡದಲ್ಲಿತ್ತು.

"ಕಿತ್ತಾಕ್ಲೇನಪ್ಪಾ?" ಅಂದಳು.