ಬೇಗಡೆ ಸುತ್ತಿದ ಸಿಂಹಾಸನ

ಆ ಸಿಂಹಾಸನವನ್ನು ದೂರದಿಂದ ನೋಡಿದಾಗ ನನಗೆ ನೆನಪಾಗಿದ್ದು ನಮ್ಮ ಬೀದಿಯ ಗಣಪತಿ ಪೆಂಡಾಲು. ಅದೇ ಬೆಳ್ಳಿ ಬೇಗಡೆ, ಅದೇ ಚಿನ್ನದ ಬೇಗಡೆ, ಅದೇ ಜಗಮಗ. ಆದರೆ ನಾನಿದ್ದದ್ದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ. ಹೊರಗೆ ಮಳೆ, ಒಳಗೆ ಟಿಕೆಟ್ ಇಲ್ಲ, ಅದಕ್ಕೇ ನುಗ್ಗಿದ್ದು. ಸುಳ್ಳು ಯಾಕೆ ಹೇಳಲಿ.

ಇದನ್ನು ಮಾಡಿದವರು ಜೇಮ್ಸ್ ಹ್ಯಾಂಪ್ಟನ್. 1909ರಲ್ಲಿ ಸೌತ್ ಕ್ಯಾರೊಲೈನಾದ ಎಲೊರೀ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಕರಿಯ ಮನುಷ್ಯ. ಎರಡನೇ ಮಹಾಯುದ್ಧ ಮುಗಿಸಿ ಬಂದ ಮೇಲೆ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡಗಳಲ್ಲಿ ರಾತ್ರಿ ಪಾಳಿಯಲ್ಲಿ ನೆಲ ಒರೆಸುವ, ಕಸ ತೆಗೆಯುವ ಕೆಲಸ. ಮಧ್ಯರಾತ್ರಿ ಡ್ಯೂಟಿ ಮುಗಿಸಿ ಮಲಗಲು ಹೋಗುತ್ತಿರಲಿಲ್ಲ; 1950ರಲ್ಲಿ ಬಾಡಿಗೆಗೆ ಹಿಡಿದ ಒಂದು ಗ್ಯಾರೇಜಿಗೆ ಹೋಗಿ, ಚಳಿಯಲ್ಲೂ ಹೀಟರ್ ಇಲ್ಲದ ಆ ಜಾಗದಲ್ಲಿ ಐದಾರು ಗಂಟೆ ಕೂತು ಇದನ್ನು ಕಟ್ಟುತ್ತಿದ್ದರು. ಹದಿನಾಲ್ಕು ವರ್ಷ! ದೇವರು, ದೇವದೂತರು ತನಗೆ ಕಾಣಿಸಿಕೊಂಡು ದಾರಿ ತೋರಿಸುತ್ತಾರೆ ಅಂತ ಅವರು ನಂಬಿದ್ದರು. ಕ್ರಿಸ್ತ ಮತ್ತೆ ಬಂದಾಗ ಕೂರಲು ಒಂದು ಸಿಂಹಾಸನ ಬೇಕಲ್ವಾ, ಅದಕ್ಕೆ ಈ ತಯಾರಿ.

ಹತ್ತಿರ ಹೋದೆ. ನಡುವಿನ ಸಿಂಹಾಸನ ಅಸಲಿಗೆ ಒಂದು ಹಳೆಯ ಮೆತ್ತೆ ಕುರ್ಚಿ. ಸುತ್ತಲಿನ ರೆಕ್ಕೆಗಳು ಬರೀ ರಟ್ಟು, ಕಂದು ಕಾಗದ. ಗುಂಡುಗುಂಡಾಗಿ ಹೊಳೆಯುವವು ಸುಟ್ಟುಹೋದ ಬಲ್ಬುಗಳು, ಜ್ಯಾಮಿನ ಗಾಜಿನ ಲೋಟಗಳು. ಎಲ್ಲಕ್ಕೂ ಬೇಗಡೆ. ಅಡುಗೆಮನೆಯ ಫಾಯಿಲ್, ಸಿಗರೇಟು ಪ್ಯಾಕಿನದು, ವೈನ್ ಬಾಟಲಿಯ ಕತ್ತಿನದು. ಒಂದು ಕಡೆ ಫಾಯಿಲ್ ಸುಕ್ಕಾಗಿತ್ತು. ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದ್ದು ಗೊತ್ತಾಗುತ್ತದೆ. ಒಟ್ಟು ಸುಮಾರು 180 ವಸ್ತುಗಳಿವೆಯಂತೆ. ಸುಮ್ನೆ ಪೇರಿಸಿದ್ದಲ್ಲ. ಎಡಕ್ಕೆ ಒಂದು ಇದ್ದರೆ ಬಲಕ್ಕೆ ಅದರ ಜೋಡಿ ಇದ್ದೇ ಇದೆ. ಒಂದು ಬದಿ ಬೈಬಲಿನ ಹಳೆಯ ಒಡಂಬಡಿಕೆಗೆ, ಇನ್ನೊಂದು ಹೊಸ ಒಡಂಬಡಿಕೆಗೆ. ತುತ್ತತುದಿಯಲ್ಲಿ ಎರಡೇ ಪದ: ಫಿಯರ್ ನಾಟ್, ಹೆದರಬೇಡ. ನಮ್ಮ ದೇವರ ಅಭಯಹಸ್ತ ಹೇಳುವುದೂ ಅದನ್ನೇ. ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಕಲೆ ಕಲಿಯದವರು, ಕಲಾಲೋಕದ ಹೊರಗಿದ್ದವರು ಮಾಡಿದ ಇಂಥದ್ದನ್ನು 'ಔಟ್‌ಸೈಡರ್ ಆರ್ಟ್' ಅಂತ ಕರೆಯುತ್ತಾರೆ. ನನಗೆ ಈ ಮಾತು ಹಿಡಿಸುವುದಿಲ್ಲ. ಯಾರ ಹೊರಗೆ? ನಮ್ಮ ಬೀದಿಯ ಹುಡುಗರು ಥರ್ಮೋಕೋಲಿನಲ್ಲಿ ಮಂಟಪ ಕೊರೆದು ಬೇಗಡೆ ಅಂಟಿಸುವಾಗ ಅದನ್ನು ಯಾರೂ ಆರ್ಟ್ ಅನ್ನುವುದಿಲ್ಲ, ಔಟ್‌ಸೈಡ್ ಅಂತೂ ಅನ್ನುವುದೇ ಇಲ್ಲ. ದೇವರನ್ನು ಕೂರಿಸಬೇಕು, ಕೈಗೆ ಸಿಕ್ಕಿದ್ದರಲ್ಲಿ ಚೆನ್ನಾಗಿ ಕಾಣಬೇಕು, ಅಷ್ಟೇ. ಹ್ಯಾಂಪ್ಟನ್ ಮಾಡಿದ್ದೂ ಅದೇ ಅಂತ ನನ್ನ ಲೆಕ್ಕ. ವ್ಯತ್ಯಾಸ ಏನೆಂದರೆ ಅವರ ಜೊತೆ ಹುಡುಗರಿರಲಿಲ್ಲ, ಚಂದಾ ಇರಲಿಲ್ಲ, ನೋಡಲು ಬರುವವರೂ ಇರಲಿಲ್ಲ.

1964ರ ನವೆಂಬರಿನಲ್ಲಿ ಅವರು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡರು. ಬಾಡಿಗೆ ಬರಲಿಲ್ಲ ಅಂತ ಗ್ಯಾರೇಜಿನ ಮಾಲೀಕ ಬಾಗಿಲು ತೆಗೆದು ನೋಡಿದರೆ ಒಳಗೆಲ್ಲ ಬೆಳ್ಳಿ ಬಂಗಾರ. ಸ್ವಂತ ಸೋದರಿ ಕೂಡ ಇದನ್ನು ಮೊದಲ ಸಲ ಕಂಡದ್ದು ಅವರು ಸತ್ತ ಮೇಲೆಯೇ.

ಜೊತೆಗೆ ಒಂದು ನೋಟ್‌ಬುಕ್ಕೂ ಸಿಕ್ಕಿತು. ಪುಟ ಪುಟದಲ್ಲೂ ಅವರೇ ಕಟ್ಟಿಕೊಂಡ ಲಿಪಿ. ಮನೆಗೆ ಬಂದು ಅದರ ಫೋಟೋಗಳನ್ನು ಹುಡುಕಿ ಜ಼ೂಮ್ ಮಾಡಿ ನೋಡಿದೆ. ಇವತ್ತಿನವರೆಗೂ ಅದನ್ನು ಬಿಡಿಸಿ ಓದಿದವರಿಲ್ಲ, ನನಗೆಲ್ಲಿ ಬರಬೇಕು! ಪುಟದ ಕೆಳಗೆ ಇಂಗ್ಲಿಷಿನಲ್ಲಿ ಬರೆದ ಒಂದೇ ಒಂದು ಪದ ಓದಲು ಬಂತು. ರೆವೆಲೇಶನ್, ಅಂದರೆ ದೇವರು ತೋರಿಸಿಕೊಟ್ಟದ್ದು.