ಒಂಬತ್ತನೆಯ ಅಧ್ಯಾಯದ ಗೆಳತಿ

ಉಡುಪಿ, 14 ಜೂನ್ 2025, ಶನಿವಾರ

ಬೆಳಗ್ಗಿನಿಂದ ಬಿಟ್ಟೂ ಬಿಡದೆ ಸುರಿಯುತ್ತಿದ್ದ ಮಳೆ ಸಂಜೆ ಐದರ ಹೊತ್ತಿಗೆ ಕೊಂಚ ಹೊಳವಾದಾಗ, ಪಕ್ಕದ ಮನೆಯ ಹುಡುಗಿ ನನ್ನ ಹಸ್ತಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದು ಜಗಲಿಯ ಮೇಲಿಟ್ಟಳು. ಈ ವರ್ಷ ಹತ್ತನೆಯ ತರಗತಿಗೆ ಕಾಲಿಟ್ಟಿರುವ ಅವಳು ಓದಿ ಒಪ್ಪಿದ ಮೇಲೆಯೇ ನನ್ನ ಬರವಣಿಗೆ ಮುಂದಿನ ಅಧ್ಯಾಯಕ್ಕೆ ಹೋಗುವುದು. ಹದಿಹರೆಯದವರಿಗಾಗಿ ಎರಡು ವರ್ಷದಿಂದ ಬರೆಯುತ್ತಿರುವ ಈ ಕಾದಂಬರಿಗೆ ಅವಳಿಗಿಂತ ಒಳ್ಳೆಯ ಪರೀಕ್ಷಕರು ನನಗೆ ಸಿಕ್ಕಿಲ್ಲ. ಒಂಬತ್ತನೆಯ ಅಧ್ಯಾಯದ ಅಂಚಿನಲ್ಲಿ ಉದ್ದಕ್ಕೂ ಪೆನ್ಸಿಲಿನ ಗೆರೆ ಎಳೆದಿದ್ದಳು. ಏನೆಂದು ವಿಚಾರಿಸಿದೆ. "ಇವಳು ಇಷ್ಟು ಕೆಟ್ಟವಳಾದ್ರೆ ಅವಳು ದಿನಾ ಇವಳ ಒಟ್ಟಿಗೇ ಬಸ್ಸಿಗೆ ಯಾಕೆ ಕಾಯುದು ಆಂಟಿ?" ಎಂದು ಕೇಳಿದವಳು, ಟ್ಯೂಷನ್ನಿಗೆ ಹೊತ್ತಾಯಿತೆಂದು ಕೊಡೆ ಬಿಡಿಸಿಕೊಂಡು ಹೊರಟೇಹೋದಳು.

ಅವಳು ನಿಂತಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ. ಆ ಅಧ್ಯಾಯದಲ್ಲಿ ಒಂದೇ ಬೆಂಚಿನ ಇಬ್ಬರು ಹುಡುಗಿಯರಲ್ಲಿ ಒಬ್ಬಳು, ತರಗತಿಯ ಮೊದಲ ಸ್ಥಾನ ಕೈತಪ್ಪಿತೆಂಬ ಕಿಚ್ಚಿನಲ್ಲಿ, ಮತ್ತೊಬ್ಬಳ ವಿಜ್ಞಾನ ಮಾದರಿಯನ್ನು ಪ್ರದರ್ಶನದ ಹಿಂದಿನ ದಿನ ಮುರಿದುಹಾಕುತ್ತಾಳೆ. ಹನ್ನೆರಡನೆಯ ಅಧ್ಯಾಯದಲ್ಲಿ ಅಳುತ್ತ ಕ್ಷಮೆ ಕೇಳುತ್ತಾಳೆ. ಬರೆಯುವಾಗ ಎಲ್ಲಿಯೂ ತಡವರಿಸಿರಲಿಲ್ಲ. ತಡವರಿಸದೆ ಬರೆದೆನೆಂಬುದೇ ನನಗೆ ಎಚ್ಚರಿಕೆಯಾಗಬೇಕಿತ್ತು ಎಂದು ಈಗ ಅನ್ನಿಸುತ್ತಿದೆ. ನಾನು ಚಿಕ್ಕಂದಿನಲ್ಲಿ ಓದಿದ ನೀತಿಕತೆಗಳಲ್ಲಿ ಹೊಟ್ಟೆಕಿಚ್ಚು ಯಾವಾಗಲೂ ಇನ್ನೊಬ್ಬರದಾಗಿರುತ್ತಿತ್ತು. ಕತೆ ಯಾರ ಕಣ್ಣಿನಿಂದ ಸಾಗುತ್ತಿತ್ತೋ ಅವರಿಗೆ ಅದು ತಾಗುತ್ತಲೇ ಇರಲಿಲ್ಲ. ನನಗೆ ಗೊತ್ತಿಲ್ಲದೆಯೇ ನಾನೂ ಅದೇ ದಾರಿ ಹಿಡಿದಿದ್ದೇನೆ.

ನಮ್ಮೂರಿನ ಮಕ್ಕಳ ಬದುಕು ಹಾಗಿಲ್ಲವೆಂಬುದನ್ನು ಅರಿಯಲು ದೂರ ಹೋಗಬೇಕಿಲ್ಲ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಉಡುಪಿ ಮತ್ತು ದಕ್ಷಿಣ ಕನ್ನಡಗಳು ಈಗ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಅಣ್ಣತಮ್ಮಂದಿರಂತೆ ಸೆಣಸುತ್ತವೆ. 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದಾಗಿದ್ದರೆ ಈ ವರ್ಷ ಅದು ತಿರುಗುಮುರುಗಾಯಿತು. ಜಿಲ್ಲೆಗಳಿಗೆ ಇದರಿಂದ ನೋವೇನಿಲ್ಲ. ಆದರೆ 625 ಅಂಕಗಳಲ್ಲಿ ಒಂದು ಅಂಕ ಹೆಚ್ಚು ಬಂದವಳೂ ಕಡಿಮೆ ಬಂದವಳೂ ಬೆಳಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತಾರೆ, ಒಂದೇ ಬುತ್ತಿಯಿಂದ ನೀರುದೋಸೆ ಹರಿದು ತಿನ್ನುತ್ತಾರೆ, ಮನೆಗೆ ಬಂದ ಮೇಲೆ ಅಮ್ಮನಿಂದ "ಅವಳಿಗೆ ಎಷ್ಟು ಬಂತು?" ಎಂಬ ಪ್ರಶ್ನೆ ಎದುರಿಸುತ್ತಾರೆ. ಆ "ಅವಳು" ಶತ್ರುವಾಗಿದ್ದರೆ ಎಷ್ಟೋ ಸುಲಭವಿತ್ತು. ಗೆಳತಿಯಾದ್ದರಿಂದಲೇ ಆ ಪ್ರಶ್ನೆ ಅಷ್ಟು ಚುಚ್ಚುತ್ತದೆ.

ರಾತ್ರಿ ಊಟವಾದ ಮೇಲೆ ಕಪಾಟಿನಿಂದ ಜಾನ್ ನೋಲ್ಸ್ ಬರೆದ 'ಎ ಸೆಪರೇಟ್ ಪೀಸ್' ಕಾದಂಬರಿಯನ್ನು ತೆಗೆದು ಗುರುತು ಹಾಕಿದ್ದ ಪುಟಗಳನ್ನು ಮತ್ತೆ ಓದಿದೆ. 1959ರಲ್ಲಿ ಮೊದಲು ಪ್ರಕಟವಾದ ಈ ಪುಸ್ತಕದ ಮುಖ್ಯ ಘಟನೆಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಒಂದು ವಸತಿಶಾಲೆಯಲ್ಲಿ ನಡೆಯುತ್ತವೆ. ಜೀನ್ ಓದಿನಲ್ಲಿ ಮುಂದು, ಅವನ ಕೋಣೆಯ ಗೆಳೆಯ ಫಿನಿಯಸ್ ಆಟದಲ್ಲಿ ಮುಂದು. ಮರ ಹತ್ತಿ ನದಿಗೆ ಹಾರುವ ಆಟಕ್ಕೆ ಫಿನಿಯಸ್ ಮತ್ತೆ ಮತ್ತೆ ಕರೆಯುವುದು ತನ್ನ ಓದು ಕೆಡಿಸುವುದಕ್ಕೇ ಎಂದು ಜೀನ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ತಮ್ಮಿಬ್ಬರಲ್ಲೂ ಒಳಗೊಳಗೆ ಹಗೆಯಿದೆ, ಆದ್ದರಿಂದ ತಾವಿಬ್ಬರೂ ಸಮಾನರು ಎಂದು ಸಮಾಧಾನವನ್ನೂ ಪಟ್ಟುಕೊಳ್ಳುತ್ತಾನೆ. ಪರೀಕ್ಷೆಯ ಹಿಂದಿನ ಸಂಜೆ ಫಿನಿಯಸ್ ಮತ್ತೆ ಕರೆಯಲು ಬಂದಾಗ ಅವನು ಸಿಡಿದೇಳುತ್ತಾನೆ. ಆಗ ಫಿನಿಯಸ್‌ಗೆ ನಿಜವಾಗಿಯೂ ಆಶ್ಚರ್ಯವಾಗುತ್ತದೆ: ನಿನಗೆ ಓದಬೇಕಾಗುತ್ತದೆಂದೇ ನನಗೆ ತಿಳಿದಿರಲಿಲ್ಲ, ಅದು ನಿನಗೆ ತಾನಾಗಿಯೇ ಬರುತ್ತದೆಂದುಕೊಂಡಿದ್ದೆ ಎಂಬರ್ಥದ ಮಾತನ್ನು ಅವನು ಹೇಳುತ್ತಾನೆ. ಪೈಪೋಟಿ ಇದ್ದುದು ಜೀನ್‌ನ ತಲೆಯೊಳಗೆ ಮಾತ್ರ ಎಂಬುದು ಆ ಕ್ಷಣದಲ್ಲಿ ಅವನಿಗೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಅವನು ಹಗುರವಾಗಬೇಕಿತ್ತು. ಆದರೆ ಅದೇ ಸಂಜೆ, ಇಬ್ಬರೂ ಕೊಂಬೆಯ ಮೇಲಿರುವಾಗ, ಜೀನ್‌ನ ಮೊಣಕಾಲು ಮಡಿಯುತ್ತದೆ, ಕೊಂಬೆ ಅಲ್ಲಾಡುತ್ತದೆ, ಫಿನಿಯಸ್ ದಡಕ್ಕೆ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ.

ಈ ಅನುಕ್ರಮದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಗೆಳೆಯ ಕೆಟ್ಟವನೆಂದು ನಂಬಿದ್ದಷ್ಟು ದಿನ ಜೀನ್ ಅವನಿಗೆ ಏನೂ ಮಾಡಲಿಲ್ಲ. ಗೆಳೆಯ ಒಳ್ಳೆಯವನೆಂದು ತಿಳಿದಾಗಲೇ ಕೊಂಬೆ ಅಲ್ಲಾಡಿತು. ಹಗೆಯಲ್ಲಾದರೂ ತಾನು ಅವನಿಗೆ ಸಾಟಿ ಎಂದುಕೊಂಡಿದ್ದವನಿಗೆ ಆ ಸಾಟಿಯೂ ಕೈಬಿಟ್ಟುಹೋಯಿತು. ನಾನಾಗಿದ್ದರೆ ಕೊಂಬೆಯನ್ನು ಮೊದಲು ಅಲ್ಲಾಡಿಸಿ, ಒಳ್ಳೆಯತನವನ್ನು ಆಮೇಲೆ ತಿಳಿಸಿ, ಪಶ್ಚಾತ್ತಾಪಕ್ಕೆ ಎಡೆ ಮಾಡಿಕೊಡುತ್ತಿದ್ದೆ. ಒಂಬತ್ತನೆಯ ಅಧ್ಯಾಯದಲ್ಲಿ ಮಾಡಿರುವುದೂ ಅದನ್ನೇ.

ಕ್ಷಮೆಯ ವಿಷಯದಲ್ಲಿ ನಮ್ಮ ಆರ್. ಕೆ. ನಾರಾಯಣರು 1935ರಷ್ಟು ಹಿಂದೆಯೇ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯಲ್ಲಿ ತೋರಿಸಿದ ಸಂಯಮ ದೊಡ್ಡದು. ಸ್ವಾಮಿಯನ್ನು ಬಹುಮಂದಿ ಕನ್ನಡಿಗರು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮೂಲಕ ಬಲ್ಲರು. ಅದು ಚಿತ್ರೀಕರಣಗೊಂಡ ಆಗುಂಬೆ ನಮ್ಮಲ್ಲಿಂದ ಘಾಟಿ ಹತ್ತಿದರೆ ಸಿಗುವ ಊರು. ಕ್ರಿಕೆಟ್ ಪಂದ್ಯಕ್ಕೆ ಬಾರದೆ ತಂಡದ ಸೋಲಿಗೆ ಕಾರಣನಾದ ಸ್ವಾಮಿಯ ಮೇಲೆ ಗೆಳೆಯ ರಾಜಂ ಮುನಿಸಿಕೊಳ್ಳುತ್ತಾನೆ. ಅವನ ತಂದೆಗೆ ವರ್ಗವಾಗಿ, ರೈಲು ಹೊರಟಾಗ, ಸ್ವಾಮಿ ಕೊಡಲು ತಂದ ಪುಸ್ತಕವನ್ನು ಇನ್ನೊಬ್ಬ ಗೆಳೆಯ ಮಣಿ ಓಡುತ್ತ ಹೋಗಿ ಕಿಟಕಿಯಲ್ಲಿ ತಲುಪಿಸುತ್ತಾನೆ. ರಾಜಂ ಈಗ ತನ್ನನ್ನು ನೆನೆಯುತ್ತಾನೆಯೇ ಎಂದು ಸ್ವಾಮಿ ಕೇಳಿದ್ದಕ್ಕೆ ಮಣಿ ಕೊಡುವ ಉತ್ತರ ನಿಜವೋ, ಸಮಾಧಾನಕ್ಕೆ ಹೇಳಿದ್ದೋ, ಅವನ ಮುಖ ನೋಡಿದರೂ ತಿಳಿಯುವುದಿಲ್ಲ. ಕಾದಂಬರಿ ಅಲ್ಲಿಗೇ ಮುಗಿಯುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ಅದನ್ನು ಓದಿ ನಾನು ಮುಂದಿನ ಪುಟ ಹರಿದುಹೋಗಿದೆಯೇನೋ ಎಂದು ಹೊಲಿಗೆಯನ್ನು ಪರೀಕ್ಷಿಸಿದ್ದೆ.

ಪಂಪನಂತೂ ಇನ್ನೂ ಕಠೋರ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಕನ್ನಡ ಪಠ್ಯದಲ್ಲಿ ಓದುವ 'ಕೆಮ್ಮನೆ ಮೀಸೆವೊತ್ತೆನೇ' ಎಂಬ ಭಾಗ ಜೊತೆಯಲ್ಲಿ ಕಲಿತ ಇಬ್ಬರ ಕತೆಯೇ. ಬಡತನದಲ್ಲಿ ಬಾಗಿಲಿಗೆ ಬಂದ ದ್ರೋಣನನ್ನು ದ್ರುಪದ ಗುರುತೇ ಇಲ್ಲದವನಂತೆ ನಡೆಸಿಕೊಳ್ಳುತ್ತಾನೆ. ನಿನ್ನನ್ನು ನನ್ನ ಶಿಷ್ಯರಿಂದ ಕಟ್ಟಿಸದಿದ್ದರೆ ನಾನು ಸುಮ್ಮನೆ ಮೀಸೆ ಹೊತ್ತೆನೇ ಎಂದು ದ್ರೋಣ ಶಪಥ ಮಾಡುತ್ತಾನೆ. ಮಕ್ಕಳಿಗೆ ಇದನ್ನು ಸಂದರ್ಭ ಸಹಿತ ವಿವರಿಸಿ ಎಂದು ಮೂರು ಅಂಕಕ್ಕೆ ಕೇಳುತ್ತೇವೆಯೇ ಹೊರತು, ನಿಮ್ಮ ಬೆಂಚಿನಲ್ಲಿ ಹೀಗಾದದ್ದುಂಟೇ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ನನ್ನ ಬೆಂಚಿನಲ್ಲಿ ಆದದ್ದನ್ನು ನಾನು ಈವರೆಗೆ ಎಲ್ಲಿಯೂ ಬರೆದಿಲ್ಲ. 1984ರ ಸೆಪ್ಟೆಂಬರ್, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ, ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತ ನಾನೂ ನನ್ನ ಬೆಂಚಿನ ಗೆಳತಿಯೂ ಒಂದೇ ಕೊಡೆಯಡಿ ನಿಂತಿದ್ದೆವು, ಕೊಡೆ ಅವಳದು. ಜ್ವರದಿಂದಾಗಿ ಒಂದು ವಾರ ಶಾಲೆ ತಪ್ಪಿಸಿಕೊಂಡಿದ್ದ ಅವಳು ನನ್ನ ಜೀವಶಾಸ್ತ್ರದ ಪುಸ್ತಕವನ್ನು ಒಂದು ರಾತ್ರಿಗೆ ಕೇಳಿದಳು. ಕಂದು ಬೈಂಡಿನ, ಹೃದಯದ ಚಿತ್ರಕ್ಕೆ ನಾನು ಕೆಂಪು ನೀಲಿ ಪೆನ್ಸಿಲಿನಿಂದ ಬಣ್ಣ ಹಚ್ಚಿದ್ದ ಇನ್ನೂರು ಪುಟದ ಪುಸ್ತಕ. ಮನೆಯಲ್ಲಿ ಬಿಟ್ಟು ಬಂದೆ ಎಂದೆ. ಅದು ನನ್ನ ಚೀಲದಲ್ಲೇ ಇತ್ತು. ಚೀಲದ ಗುಂಡಿ ಕಿತ್ತುಹೋಗಿ ತಿಂಗಳಾಗಿದ್ದರಿಂದ ಬೈಂಡಿನ ಮೂಲೆ ಎರಡು ಬೆರಳಿನಷ್ಟು ಹೊರಗೆ ಕಾಣುತ್ತಿತ್ತು. ಅವಳ ಕಣ್ಣು ಆ ಮೂಲೆಯ ಮೇಲೆ ಬಿತ್ತು. ಅಲ್ಲಿಂದ ಅವಳು ನಿಧಾನವಾಗಿ ಮುಖ ತಿರುಗಿಸಿ, ಬಸ್ಸು ಇನ್ನೂ ಕಾಣದಿದ್ದ ರಸ್ತೆಯತ್ತ ನೋಡುತ್ತ, "ಅಡ್ಡಿಲ್ಲ ಮಾರಾಯ್ತಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೊಡೆಯನ್ನು ನನ್ನ ಕಡೆಗೆ ವಾಲಿಸಿದಳು, ನನ್ನ ಚೀಲ ನೆನೆಯುತ್ತಿತ್ತು.

ಅವಳು ಬೈದಿದ್ದರೆ ನಾನೂ ಏನಾದರೂ ಹೇಳಿ, ಜಗಳವಾಡಿ, ವಾರದೊಳಗೆ ರಾಜಿಯಾಗುತ್ತಿದ್ದೆವು. ಅವಳು ಯಾವತ್ತೂ ಆ ಮಾತೆತ್ತಲಿಲ್ಲ. ಆ ಪರೀಕ್ಷೆಯಲ್ಲಿ ಯಾರಿಗೆ ಎಷ್ಟು ಅಂಕ ಬಂತೆಂದು ನನಗೆ ನೆನಪೇ ಇಲ್ಲ, ಕೊಡೆ ವಾಲಿದ್ದು ಮಾತ್ರ ನೆನಪಿದೆ. ಮರುದಿನವೂ ಮಾರ್ಚ್‌ವರೆಗಿನ ಎಲ್ಲ ದಿನಗಳಲ್ಲೂ ನಾವು ಅದೇ ಕಡೆ ನಿಂತು ಬಸ್ಸು ಕಾದೆವು. ಹುಡುಗಿಯ ಪ್ರಶ್ನೆಗೆ ಉತ್ತರ ಬಹುಶಃ ಇಲ್ಲಿದೆ: ಕಾದವಳು ಕೊಡೆ ಹಿಡಿದವಳು, ಕೆಟ್ಟದ್ದು ಕತೆ ಹೇಳುತ್ತಿರುವವಳ ಚೀಲದಲ್ಲಿತ್ತು. ನಾನು ಕಾದಂಬರಿ ಬರೆಯುವಾಗ ಆ ಚೀಲವನ್ನು ಸದ್ದಿಲ್ಲದೆ ಪಕ್ಕದವಳ ಹೆಗಲಿಗೆ ಹಾಕಿಬಿಟ್ಟಿದ್ದೆ.

ಹನ್ನೊಂದೂವರೆ ಆಯಿತು. ಒಂಬತ್ತನೆಯ ಅಧ್ಯಾಯದ ಹದಿನಾಲ್ಕು ಹಾಳೆಗಳನ್ನು ಕಟ್ಟಿನಿಂದ ಬಿಡಿಸಿ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಕ್ಷಮೆಯ ಹನ್ನೆರಡನೆಯ ಅಧ್ಯಾಯವನ್ನೂ ಅದರ ಮೇಲೆಯೇ ಇಟ್ಟೆ. ಹೊಸದನ್ನು ನಾಯಕಿಯ ಬಾಯಿಂದಲೇ, "ನಾನು" ಎಂದೇ ಆರಂಭಿಸಿದ್ದೇನೆ. ಈವರೆಗೆ ನಾಲ್ಕು ಸಾಲುಗಳಾಗಿವೆ, ಬಸ್ಸು ಇನ್ನೂ ಬಂದಿಲ್ಲ. ಮುಂದಿನ ಶನಿವಾರ ಹುಡುಗಿ ಬರುವುದರೊಳಗೆ ಗುಂಡಿ ಕಿತ್ತ ಚೀಲದವರೆಗಾದರೂ ಬರೆದು ಮುಗಿಸಬೇಕು.